ಗ್ರೈಂಡರಿನ ಪಾಯಿಂಟು ಮತ್ತು ಅಣ್ಣನ ಕಾರು

ನನ್ನ ಅಣ್ಣನ ಕಾರು ಎರಡು ಬಗೆಯ ಊಟ ಮಾಡುತ್ತದೆ. ಪೆಟ್ರೋಲೂ ಬೇಕು, ಕರೆಂಟೂ ಬೇಕು. ಕರೆಂಟು ಇರುವಷ್ಟು ಹೊತ್ತು ಸದ್ದಿಲ್ಲದೆ ಓಡುತ್ತದೆ; ಅದು ಮುಗಿದ ಕೂಡಲೇ ಗುರ್ರೆಂದು ಪೆಟ್ರೋಲಿಗೆ ಬಾಯಿ ಹಾಕುತ್ತದೆ. ಇಂಥ ಗಾಡಿಗೆ ಪ್ಲಗ್-ಇನ್ ಹೈಬ್ರಿಡ್ ಎನ್ನುತ್ತಾರೆಂದು ಅಣ್ಣ ಹೇಳಿಕೊಟ್ಟ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆ ಹೆಸರು ನಾಲಗೆಯ ಮೇಲೆ ಕೂರಲು ಒಂದು ವಾರ ಹಿಡಿಯಿತು. ಈಗ ಪೂರಿ ಭಾಜಿ ಎಂದಷ್ಟೇ ಸಲೀಸಾಗಿ ಹೇಳುತ್ತೇನೆ. ಹೆಸರೇನೋ ಕಲಿತೆ, ಅದರ ಊಟದ ಹೊತ್ತು ಕಾಯಲು ಕಲಿಯಲಿಲ್ಲ. ಆ ಕಾರು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಓಡಾಡಿದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಲು ತಡಮಾಡಿದರೆ ಏನಾಗುತ್ತದೆಂದು ನನಗೆ ಈಗ ಚೆನ್ನಾಗಿ ಗೊತ್ತು.

ಗ್ರಾಂಟ್ ರೋಡಿನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಮುಂದೆ ಗಲ್ಲಾದಲ್ಲಿ ಅಣ್ಣ ಸಂಜೀವ, ಹಿಂದೆ ಅಡಿಗೆಮನೆಯಲ್ಲಿ ನಾನು. ಅಣ್ಣನಿಗೆ ಬೀಡಿಯಿಲ್ಲ, ಬೀಡವಿಲ್ಲ, ಸಿನಿಮಾದ ಚಟವೂ ಇಲ್ಲ. ಇದ್ದದ್ದು ಒಂದೇ ಆಸೆ, ಒಳ್ಳೆಯ ಕಾರು. ಮೊದಲೆಲ್ಲ ನಾವಿಬ್ಬರೂ ಒಟ್ಟಿಗೆ ನಡೆದು ಹೋಗುವಾಗ ರಸ್ತೆ ಬದಿಯಲ್ಲಿ ಯಾವುದಾದರೂ ದೊಡ್ಡ ಕಾರು ನಿಂತಿದ್ದರೆ, ಮದುವೆಮನೆಯಲ್ಲಿ ಹುಡುಗಿ ನೋಡುವವನ ಹಾಗೆ ಕಂಡೂ ಕಾಣದಂತೆ ನೋಡಿ ಮುಂದೆ ಹೋಗುತ್ತಿದ್ದ. ಮಕ್ಕಳ ಓದು ಮುಗಿದು ಎಲ್ಲ ಒಂದು ಹದಕ್ಕೆ ಬಂದ ಮೇಲೆ, ಒಬ್ಬರು ಡಾಕ್ಟರರು ಓಡಿಸಿ ಬಿಟ್ಟಿದ್ದ ಪರದೇಶದ ಕಾರನ್ನು ಕೊಂಡ. ಕಪ್ಪು ಬಣ್ಣ, ಒಳಗೆ ಕೆನೆಯ ಬಣ್ಣದ ಸೀಟು. ಮೊದಲ ದಿನ ನಾನು ಹತ್ತುವಾಗ ಚಪ್ಪಲಿ ಬಿಟ್ಟು ಹತ್ತಿದೆ. ಅಣ್ಣ ಬೈದ. ಆದರೆ ಮುಖದಲ್ಲಿ ಸಂತೋಷವಿತ್ತು.

ಅಣ್ಣನ ಮನೆ ಪವಾಯಿಯ ಒಂದು ಎತ್ತರದ ಬಿಲ್ಡಿಂಗಿನಲ್ಲಿ. ಕೆಳಗೆ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟು ಹಾಕಿಸಲು ಸೊಸೈಟಿಯ ಒಪ್ಪಿಗೆ ಬೇಕು. ಸೊಸೈಟಿಯವರು ಪ್ರತಿ ಮೀಟಿಂಗಿನಲ್ಲೂ ಆ ವಿಷಯ ಎತ್ತುತ್ತಾರೆ, ಚಹಾ ಬಿಸ್ಕತ್ತು ಬಂದ ಕೂಡಲೇ ಕೆಳಗಿಡುತ್ತಾರೆ. ಹಾಗಾಗಿ ಕಾರಿನ ಊಟ ಹೋಟೆಲಿನಲ್ಲೇ ಎಂದು ಅಣ್ಣ ತೀರ್ಮಾನಿಸಿದ. ನಮ್ಮಲ್ಲಿ ಕೆಲಸಕ್ಕಿರುವವರೆಲ್ಲ ಹೋಟೆಲಿನಲ್ಲೇ ಉಣ್ಣುವ ಪದ್ಧತಿ, ಕಾರಿಗೂ ಅದೇ. ಹಿಂದಿನ ಗಲ್ಲಿಯಲ್ಲಿ ಅದನ್ನು ನಿಲ್ಲಿಸಿ, ಅಡಿಗೆಮನೆಯ ಕಿಟಕಿಯ ಸರಳಿನಿಂದ ವಯರು ಒಳಗೆ ತಂದು, ಗ್ರೈಂಡರಿನ ದೊಡ್ಡ ಪಾಯಿಂಟಿಗೆ ಚುಚ್ಚಿದ. ಆ ಗೋಡೆಯಲ್ಲಿ ಅಷ್ಟು ಭಾರ ತಡೆಯುವ ಪಾಯಿಂಟು ಅದೊಂದೇ. "ಹಗಲು ಗ್ರೈಂಡರ್ ಖಾಲಿ ಇರ್ತದಲ್ಲ" ಎಂದ. ಅವನು ಅಡಿಗೆಮನೆಯಲ್ಲಿದ್ದ ಕಾಲದಲ್ಲಿ ಖಾಲಿ ಇರುತ್ತಿತ್ತು, ನಿಜ. ಈಗ ಸಂಜೆಯ ದೋಸೆಗೆ, ಮರುದಿನದ ಇಡ್ಲಿಗೆ, ನಡುವೆ ವಡೆಗೆ, ಮಧ್ಯಾಹ್ನವೆಲ್ಲ ಅದು ತಿರುಗುತ್ತಲೇ ಇರುತ್ತದೆ. ಗಲ್ಲಾದಲ್ಲಿ ಕೂತವನಿಗೆ ಅಡಿಗೆಮನೆಯ ಗಡಿಯಾರ ಕಾಣುವುದಿಲ್ಲ. ನಾನಾದರೂ ಆಗಲೇ ಹೇಳಬಹುದಿತ್ತು. ಹೊಸ ಕಾರಿನ ಖುಷಿಯಲ್ಲಿದ್ದವನಿಗೆ ಉದ್ದಿನಬೇಳೆಯ ಮಾತು ಯಾಕೆಂದು ಸುಮ್ಮನಾದೆ.

ಗ್ರೈಂಡರೇ ಸ್ವಲ್ಪ ಹೊತ್ತು ಕಾಯಬಹುದಲ್ಲ ಎಂದು ನಿಮಗೆ ಅನಿಸಬಹುದು. ಓದಿದವರ ಎದುರು ನನಗೆ ಮಾತು ಕಡಿಮೆ, ಆದರೆ ಉದ್ದಿನ ವಿಷಯ ಬಂದರೆ ನಿಲ್ಲಿಸುವುದು ಕಷ್ಟ. ನೆನೆದ ಉದ್ದು ಬಸಿರಿಯ ಹಾಗೆ, ಅದರ ಹೊತ್ತಿಗೆ ಅದು ಆಗಲೇಬೇಕು. ಹೆಚ್ಚು ನೆನೆದರೆ ಜಿಗುಟು ಹೋಗುತ್ತದೆ. ರುಬ್ಬುವಾಗ ನಡುವೆ ನಿಲ್ಲಿಸಿದರೆ ಹಿಟ್ಟು ಉಬ್ಬುವುದಿಲ್ಲ, ಅವಸರ ಮಾಡಿದರೆ ಬಿಸಿಯಾಗಿ ಕೆಡುತ್ತದೆ. ಬೆರಳಲ್ಲಿ ತೆಗೆದು ನೀರಿಗೆ ಬಿಟ್ಟಾಗ ಮಲ್ಲಿಗೆಯ ಹಾಗೆ ತೇಲಬೇಕು. ಮುಳುಗಿದರೆ ಮರುದಿನ ಗಿರಾಕಿಯ ತಟ್ಟೆಯಲ್ಲಿರುವುದು ಇಡ್ಲಿಯಲ್ಲ, ಪೇಪರ್‌ವೇಟ್.

ಆದ್ದರಿಂದ ನಾನು ದಿನಾ ಮಧ್ಯಾಹ್ನ ಕಾರಿನ ಪ್ಲಗ್ಗನ್ನು ಎಳೆದು, ಗ್ರೈಂಡರಿನದ್ದನ್ನು ಚುಚ್ಚುತ್ತಿದ್ದೆ. ರುಬ್ಬಿ ಆದ ಮೇಲೆ ಮತ್ತೆ ಕಾರಿನದ್ದು. ವಡೆಗೆ ಮತ್ತೊಮ್ಮೆ ಎಳೆಯುವುದು. ಮೊಬೈಲಿನ ಚಾರ್ಜರು ತೆಗೆದು ಹಾಕುವುದಿಲ್ಲವೇ, ಹಾಗೆ ಎಂದುಕೊಂಡಿದ್ದೆ.

ಕಾರಿಗೆ ಹಾಗೆ ಅನಿಸಲಿಲ್ಲ. ಅದರ ಎದುರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹಳದಿ ಅಕ್ಷರಗಳು ಮೂಡತೊಡಗಿದವು. ಚಾರ್ಜಿಂಗಿನಲ್ಲಿ ದೋಷವಿದೆಯಂತೆ. ಮನೆಗೆ ಹೋಗುವಾಗ ಸಾಯನ್ ದಾಟುವಷ್ಟರಲ್ಲಿ ಕರೆಂಟು ಮುಗಿದು ಇಂಜಿನ್ನು ಎದ್ದು ಕೂರುತ್ತಿತ್ತು. ಅದಕ್ಕೆ ತನ್ನದೇ ಆದ ವಿಚಿತ್ರಗಳೂ ಇದ್ದವು, ಅವನ್ನು ನನ್ನ ತಲೆಗೆ ಕಟ್ಟಬೇಡಿ. ಸಿಗ್ನಲಿನಲ್ಲಿ ನಿಂತಾಗ ಒಮ್ಮೊಮ್ಮೆ ಡಿಕ್ಕಿ ತಾನಾಗಿ ತೆರೆದುಕೊಂಡು ಹಿಂದಿನ ರಿಕ್ಷಾದವನಿಗೆ ನಮ್ಮ ತೆಂಗಿನಕಾಯಿ ತೋರಿಸುತ್ತಿತ್ತು. ಫ್ಲೈಓವರ್ ಹತ್ತುವಾಗ ಪರದೆ ಕಪ್ಪಾಗಿ, ಇಳಿಯುವಾಗ ಏನೂ ಆಗದವರ ಹಾಗೆ ಬೆಳಗುತ್ತಿತ್ತು. ಚಾವಿ ಕಿಸೆಯಲ್ಲೇ ಇದ್ದರೂ "ಚಾವಿ ಇಲ್ಲ" ಎನ್ನುತ್ತಿತ್ತು. ಅಣ್ಣ ಇದನ್ನೆಲ್ಲ ಸಹಿಸಿದ. ದೊಡ್ಡ ಮನೆತನದಿಂದ ಬಂದ ಸೊಸೆ, ಸ್ವಲ್ಪ ಬಿಂಕ ಇರುತ್ತದೆ ಎನ್ನುತ್ತಿದ್ದ. ಆದರೆ ಹೊಟ್ಟೆತುಂಬ ಉಣ್ಣಿಸಿದರೂ ಹಸಿವು ಎನ್ನುವುದನ್ನು ಮಾತ್ರ ಸಹಿಸಲಾಗಲಿಲ್ಲ. ಕಾರು ಸರ್ವಿಸ್ ಸೆಂಟರಿಗೆ ಹೋಯಿತು, ಬಂತು, ಮತ್ತೆ ಹೋಯಿತು.

ಅಲ್ಲಿಂದ ಒಬ್ಬಳು ಹುಡುಗಿ ಹೋಟೆಲಿಗೇ ಬಂದು ನೋಡಿದಳು. ಮುಂಬಯಿಯಲ್ಲೇ ಹುಟ್ಟಿದ ನಮ್ಮ ಕಡೆಯವಳು. ಕನ್ನಡ ಅರ್ಥವಾಗುತ್ತದೆ, ಆಡುವಾಗ ಎಡವುತ್ತಾಳೆ. "ಅಂಕಲ್, ಬ್ಯಾಟರಿ ಏಕ್‌ದಮ್ ಠೀಕ್ ಇದೆ. ಮಧ್ಯಾಹ್ನ ಕೋಯೀ ಸಪ್ಲೈ ಬಂದ್ ಕರ್ತಾ ಹೈ. ಯಾರೋ ತೆಗೀತಾರೆ" ಎಂದಳು.

ಅಣ್ಣ ಸಿಡಿದ. "ಯಾರು ತೆಗೀತಾರೆ? ಇಲ್ಲಿ ನನ್ನ ತಮ್ಮ ನಿಂತಿರ್ತಾನೆ. ಅವನ ಕಣ್ಣು ತಪ್ಪಿಸಿ ಒಂದು ಸಾಸಿವೆ ಸಿಡಿಯುವುದಿಲ್ಲ ಇಲ್ಲಿ. ನಿಮ್ಮ ಗಾಡಿಯ ತಪ್ಪನ್ನು ನಮ್ಮ ಗೋಡೆಗೆ ಹಾಕ್ಬೇಡಿ!" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ.

ಆ ಕೈಯ ಭಾರಕ್ಕೆ ನನ್ನ ಬಾಯಿ ಮುಚ್ಚಿಹೋಯಿತು. ಹುಡುಗಿ ನನ್ನ ಮುಖ ನೋಡಿದಳು, ನಾನು ಒಗ್ಗರಣೆ ಸೌಟು ನೋಡಿದೆ. ಅವಳು ಅತ್ತ ಹೋದ ಮೇಲೆ ಏನು ಮಾಡಿದೆ ಎನ್ನುತ್ತೀರಿ? ಉದ್ದು ನೆನೆದಿತ್ತು. ಪ್ಲಗ್ ಎಳೆದೆ.

ಅಲ್ಲಿಂದ ಮುಂದೆ ತಪ್ಪು ತಿಳಿದೇ ಮಾಡಿದ್ದು. ಪಾಪಪ್ರಜ್ಞೆಯೂ ಇತ್ತು, ಆದರೆ ಅದರಿಂದ ಯಾರಿಗೂ ಉಪಕಾರವಾಗಲಿಲ್ಲ. ಕಾರಿಗೆ ಬೇಗ ಕರೆಂಟು ಬಿಡಬೇಕೆಂದು ಉದ್ದನ್ನು ಹದ ಬರುವ ಮೊದಲೇ ಗ್ರೈಂಡರಿನಿಂದ ತೆಗೆಯತೊಡಗಿದೆ. ಇಡ್ಲಿ ಗಟ್ಟಿಯಾಯಿತು. ಹಳೆಯ ಗಿರಾಕಿಗಳು ಗಲ್ಲಾದ ಎದುರು ನಿಂತು "ಶೆಟ್ರೇ, ಇಡ್ಲಿಗೆ ಏನಾಯ್ತು?" ಎಂದರು. ಅಣ್ಣ ಬೇಳೆಯನ್ನು ಸಂಶಯಿಸಿದ. ಬೈಕುಲ್ಲಾದ ವ್ಯಾಪಾರಿಗೆ ಫೋನು ಮಾಡಿ, ಹಳೆಯ ಮಾಲು ಕಳಿಸುತ್ತೀಯಾ ಎಂದು ಹಿಗ್ಗಾಮುಗ್ಗಾ ಬೈದ. ಹೀಗೆ ನನ್ನೊಬ್ಬನ ಮೌನಕ್ಕೆ ಕಾರು, ಹುಡುಗಿ, ಬೇಳೆ ವ್ಯಾಪಾರಿ ಎಲ್ಲರೂ ಬೈಸಿಕೊಂಡರು. ಬೈಸಿಕೊಳ್ಳದೆ ಉಳಿದವನು ನಾನು. ನಮ್ಮ ಮನೆಯಲ್ಲಿ ನಂಬಿಕಸ್ಥ ಎಂದು ಹೆಸರು ಪಡೆದವನೂ ನಾನೇ.

ಇನ್ನೂ ಒಂದು ಮಾತಿದೆ. ಅದನ್ನು ಹೇಳದಿದ್ದರೆ ಈ ಬರಹವೂ ಅರ್ಧ ರುಬ್ಬಿದ ಹಿಟ್ಟಾಗುತ್ತದೆ. ಕಾರು ಸರ್ವಿಸ್ ಸೆಂಟರಿನಲ್ಲಿದ್ದ ದಿನಗಳಲ್ಲಿ ಅಣ್ಣ ನನ್ನ ಜೊತೆ ಲೋಕಲ್ ಟ್ರೇನಿನಲ್ಲಿ ಬರುತ್ತಿದ್ದ. ನಾನು ಭಾಂಡುಪ್‌ನಲ್ಲಿ ಹತ್ತುತ್ತೇನೆ, ಅವನು ಕಾಂಜೂರ್‌ಮಾರ್ಗದಲ್ಲಿ. ಬೈಕುಲ್ಲಾದಲ್ಲಿ ಇಳಿದು, ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡಿ, ಟ್ಯಾಕ್ಸಿ ಹಿಡಿದು ಹೋಟೆಲು ತಲುಪುವುದು ನಮ್ಮ ಹಳೆಯ ದಾರಿ. ಕಾರು ಬಂದ ಮೇಲೆ ಆ ದಾರಿಯಲ್ಲಿ ನಾನೊಬ್ಬನೇ. ಕಾರು ಕೆಟ್ಟಾಗ ಅಣ್ಣ ಮತ್ತೆ ಬಾಗಿಲ ಕಂಬ ಹಿಡಿದು ನನ್ನ ಪಕ್ಕ ನಿಲ್ಲುತ್ತಿದ್ದ. ನನ್ನ ಕಿಸೆಯ ಕಡಲೆಯನ್ನು ಕೇಳದೆ ತೆಗೆದು ತಿನ್ನುತ್ತಿದ್ದ. "ನಿನ್ನ ಬಿ.ಪಿ. ಮಾತ್ರೆ ತಕೊಂಡ್ಯಾ?" ಎಂದು ಟ್ರೇನಿನ ಇಡೀ ಬೋಗಿಗೆ ಕೇಳುವ ಹಾಗೆ ವಿಚಾರಿಸುತ್ತಿದ್ದ. ಕಾರು ಕೆಟ್ಟ ಸುದ್ದಿ ಬಂದಾಗ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಬೆಳಕಾಗುತ್ತಿತ್ತು. ಅದೇ ನನ್ನ ನಿಜವಾದ ತಪ್ಪು. ಪ್ಲಗ್ ಎಳೆದದ್ದು ಉದ್ದಿಗಾಗಿ. ಹೇಳದೆ ಉಳಿದದ್ದರಲ್ಲಿ ಈ ಕಡಲೆಯ ಪಾಲೂ ಇತ್ತು.

ಕೊನೆಗೆ ಅಣ್ಣ ಸೋತ. ಒಂದು ಬೆಳಿಗ್ಗೆ ಬಂದವನೇ, "ಕೊಟ್ಟುಬಿಡ್ತೇನೆ ಮಾರಾಯ. ನಂಬಿಕೆ ಇಲ್ಲದ ಗಾಡಿ. ನಾಳೆ ನೋಡ್ಲಿಕ್ಕೆ ಜನ ಬರ್ತಾರೆ" ಎಂದ. ಕೋಪದಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನು ಹೇಳಿ, ಹಿಂದಿನ ಗಲ್ಲಿಗೆ ಹೋಗಿ, ಕಾರಿನ ಮೇಲೆ ಬಿದ್ದಿದ್ದ ಕಾಗೆಯ ಹಿಕ್ಕೆಯನ್ನು ತನ್ನ ಕರ್ಚೀಫಿನಿಂದ ಒರೆಸಿದ. ಮಾರುವ ಗಾಡಿಯನ್ನು ಯಾರಾದರೂ ಕರ್ಚೀಫಿನಿಂದ ಒರೆಸುತ್ತಾರೆಯೇ?

ಊಟದ ಗದ್ದಲ ಇಳಿದ ಮೇಲೆ ಕೈ ತೊಳೆದುಕೊಂಡು ಗಲ್ಲಾದ ಹತ್ತಿರ ಹೋದೆ.

"ಅಣ್ಣ, ಕಾರು ಕೊಡ್ಬೇಡ."

"ಯಾಕೆ, ನಿನಗೆ ಬೇಕಾ?"

"ಅದರದ್ದು ತಪ್ಪಿಲ್ಲ. ಪ್ಲಗ್ ತೆಗೀತಿದ್ದದ್ದು ನಾನು. ಗ್ರೈಂಡರಿಗೆ."

ಅಣ್ಣ ಕನ್ನಡಕ ತೆಗೆದ. "ದಿನಾ?"

"ದಿನಾ."

"ಆ ಹುಡುಗಿ ಬಂದ ದಿನ?"

"ಆವತ್ತೂ. ಅವಳು ಹೋದ ಮೇಲೆ."

"ಅವಳ ಎದುರು ನಾನು ಎಷ್ಟು ಹಾರಾಡಿದೆ! ನೀನು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ. ಯಾಕೆ ಹೇಳ್ಲಿಲ್ಲ?"

"ಮೊದಲು ಹೆದರಿಕೆ. ಆಮೇಲೆ ನಾಚಿಕೆ. ಆಮೇಲೆ... ನೀನು ಟ್ರೇನಿನಲ್ಲಿ ಬರ್ತಿದ್ದೆಯಲ್ಲ. ಅದು ಚೆಂದ ಇತ್ತು."

ಒಬ್ಬ ಗಿರಾಕಿ ಬಂದು ಬಿಲ್ಲು ಕೊಟ್ಟು, ಬಡೆಸೋಪು ಬಾಯಿಗೆ ಹಾಕಿಕೊಂಡು ಹೋದ. ಅಣ್ಣ ಬಡೆಸೋಪಿನ ತಟ್ಟೆಯನ್ನು ಸರಿಮಾಡಿದ. ಮತ್ತೆ ಸರಿಮಾಡಿದ. ಆಮೇಲೆ ಥಟ್ಟನೆ ತಲೆಯೆತ್ತಿದ.

"ಹಾಗಾದ್ರೆ ಇಡ್ಲಿ ಗಟ್ಟಿ ಆಗ್ತಿದ್ದದ್ದು?"

"ಕಾರಿಗೆ ಬೇಗ ಕರೆಂಟು ಸಿಗ್ಲಿ ಅಂತ ಉದ್ದನ್ನು ಸ್ವಲ್ಪ ಮೊದಲೇ..."

ಆಗ ಬಂತು ನೋಡಿ ಕೋಪ. ಕೊನೆಯ ಟೇಬಲಿನವರು ಸಾಂಬಾರು ಬಿಟ್ಟು ತಿರುಗಿ ನೋಡಿದರು. "ಕಾರು ಹಾಳಾದ್ರೆ ಕೊಂಡುಹೋಗ್ಲಿಕ್ಕೆ ಸರ್ವಿಸ್ ಸೆಂಟರ್ ಉಂಟು. ಇಡ್ಲಿ ಹಾಳಾದ್ರೆ ಯಾವ ಸೆಂಟರಿಗೆ ಕೊಂಡುಹೋಗ್ತೀ? ಹಾಂ? ಪಾಪ, ಆ ಬೇಳೆಯವನ ಅಪ್ಪ ಅಜ್ಜನನ್ನೆಲ್ಲ ಎಳೆದು ತಂದಿದ್ದೇನೆ ನಾನು!"

ನಾನು ತಲೆ ತಗ್ಗಿಸಿದ್ದೆ. ಆದರೂ ನಿಜ ಹೇಳುತ್ತೇನೆ, ಎದೆ ಹಗುರಾಗಿತ್ತು. ನನ್ನ ಪಾಲಿನ ಬೈಗುಳ ತಡವಾಗಿಯಾದರೂ ಸರಿಯಾದ ವಿಳಾಸಕ್ಕೆ ಬಂದಿತ್ತು.

ಆ ಮಧ್ಯಾಹ್ನ ಅಣ್ಣ ಮೊದಲ ಫೋನು ಮಾಡಿದ್ದು ಕಾರು ಕೊಳ್ಳುವವರಿಗಲ್ಲ, ಬೈಕುಲ್ಲಾಕ್ಕೆ. "ಭಾಯ್, ಗಲತೀ ಹಮಾರಾ ಥಾ" ಎಂದು ತಪ್ಪು ಒಪ್ಪಿಕೊಂಡ. ಅಣ್ಣನ ಹಿಂದಿಯಲ್ಲಿ ಗಂಡು ಹೆಣ್ಣಿನ ಭೇದವಿಲ್ಲ, ಕ್ಷಮೆಗೆ ಅದು ಬೇಕಾಗಿಯೂ ಇಲ್ಲ. ಎರಡನೆಯದು, ನಾಳೆ ಬರಬೇಡಿ ಎಂದು ಕೊಳ್ಳುವವರಿಗೆ. ಮೂರನೆಯದನ್ನು ಹಚ್ಚಿ ನನ್ನ ಕೈಗೆ ಕೊಟ್ಟ. ಅತ್ತ ಸರ್ವಿಸ್ ಸೆಂಟರಿನ ಹುಡುಗಿ. ನಾನು ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿ ನಕ್ಕಳು. "ನಂಗೆ ಆವತ್ತೇ ಪತಾ ಚಲಾ ಥಾ ಅಂಕಲ್. ನಿಮ್ಮ ಮುಖ ನೋಡಿದೆ ಅಲ್ವಾ. ಇಟ್ಸ್ ಓಕೆ." ಮರುದಿನ ಅವಳಿಗೆ ಒಂದು ಡಬ್ಬಿ ಇಡ್ಲಿ ಕಳಿಸಿದೆ, ಪೂರ್ತಿ ರುಬ್ಬಿದ ಹಿಟ್ಟಿನದ್ದು.

ಎಲೆಕ್ಟ್ರಿಷಿಯನ್ ಬಂದು ಕಾರಿಗೆ ಬೇರೆ ಲೈನು ಎಳೆದ. ಒಂದು ದಿನದ ಕೆಲಸ. ಹೇಳಿದ್ದರೆ ಮೊದಲ ವಾರವೇ ಮುಗಿಯುತ್ತಿತ್ತು. ಈಗ ಕಾರು, ಗ್ರೈಂಡರು ಎರಡೂ ಅಕ್ಕಪಕ್ಕದಲ್ಲಿ ಹೊಟ್ಟೆತುಂಬ ಉಣ್ಣುತ್ತವೆ. ಇಡ್ಲಿ ಮತ್ತೆ ಉಬ್ಬಿದೆ. ವಾರಕ್ಕೊಮ್ಮೆ ಅಣ್ಣ ಬೇಗ ಗಲ್ಲಾ ಬಿಟ್ಟು, ಪವಾಯಿ ದಾಟಿ ಭಾಂಡುಪ್‌ವರೆಗೆ ಬಂದು ನನ್ನನ್ನು ಇಳಿಸಿಹೋಗುತ್ತಾನೆ. ಅವನ ದಾರಿಯಲ್ಲ ಅದು, ಸುತ್ತು. ಕರೆಂಟಿನ ಮೇಲೆ ಓಡುವಾಗ ಕಾರಿನಲ್ಲಿ ಎಷ್ಟು ನಿಶ್ಶಬ್ದವೆಂದರೆ, ನನ್ನ ಕಿಸೆಯ ಕಡಲೆಯ ಪೊಟ್ಟಣದ ಸದ್ದು ಅಣ್ಣನಿಗೆ ಕೇಳುತ್ತದೆ. ಕೈ ಚಾಚುತ್ತಾನೆ. ಕೆನೆಯ ಬಣ್ಣದ ಸೀಟಿನ ಮೇಲೆ ಕಡಲೆ ಸಿಪ್ಪೆ ಬೀಳುತ್ತದೆ. ಯಾರೂ ಬೈಯುವುದಿಲ್ಲ.

ಕಾರು ಪೂರ್ತಿ ಸುಧಾರಿಸಿತೆಂದು ತಿಳಿಯಬೇಡಿ. ಡಿಕ್ಕಿಗೆ ಈಗಲೂ ಅದರದ್ದೇ ಮನಸ್ಸು. ಮೊನ್ನೆ ಸಾಯನ್ ಹತ್ತಿರ ಫ್ಲೈಓವರ್ ಹತ್ತುತ್ತಿದ್ದಂತೆ ಪರದೆ ಕಪ್ಪಾಯಿತು. ಅಣ್ಣ ಪರದೆ ನೋಡಲಿಲ್ಲ, ಮೆಲ್ಲಗೆ ತಿರುಗಿ ನನ್ನನ್ನು ನೋಡಿದ. ನಾನು ಎರಡೂ ಕೈ ಎತ್ತಿ ತೋರಿಸಿದೆ. ಒಂದರಲ್ಲಿ ಕಡಲೆ ಇತ್ತು.

"ಇದು ನಾನಲ್ಲ ಅಣ್ಣ."

"ಗೊತ್ತುಂಟು. ನೀನಾದ್ರೆ ಹೇಳ್ಲಿಕ್ಕೆ ಇನ್ನೂ ಆರು ತಿಂಗಳು ಬೇಕಲ್ಲ."

ಇಬ್ಬರೂ ನಕ್ಕೆವು. ಎಂದೂ ಕೈಕೊಡದ ಗಾಡಿಯನ್ನೋ ಮನುಷ್ಯನನ್ನೋ ಇಟ್ಟುಕೊಳ್ಳಲು ಯಾರಿಗಾದರೂ ಬರುತ್ತದೆ. ಒಮ್ಮೊಮ್ಮೆ ಕೈಕೊಡುವ ಕಾರಿನಲ್ಲಿ, ಒಮ್ಮೆ ಕೈಕೊಟ್ಟ ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸುತ್ತು ದಾರಿಯಲ್ಲಿ ಮನೆಗೆ ಬಿಡಲು ಅಣ್ಣನೇ ಆಗಬೇಕು. ಫ್ಲೈಓವರ್ ಇಳಿಯುವಾಗ ಪರದೆ ತಾನಾಗಿ ಬೆಳಗಿತು. ಅಣ್ಣ ಅದನ್ನೂ ನೋಡಲಿಲ್ಲ, ಕಡಲೆಗೆ ಕೈ ಚಾಚಿದ.