ಕುಂದಿದ ಚಿಕ್ಕಿ

ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಊರೆಲ್ಲ ಬೈಯುತ್ತಿತ್ತು, ನಮ್ಮ ಮನೆಯಲ್ಲಿ ಮಾತ್ರ ಹಬ್ಬ. ಸುತ್ತಲಿನ ಪವರ್‌ಲೂಮ್ ಮಗ್ಗಗಳು ಓಡುವಾಗ ನಮ್ಮ ಮಾಳಿಗೆ ಸಣ್ಣಗೆ ನಡುಗುತ್ತಿತ್ತು. ಅಲ್ಲಿ ದುರ್ಬೀನಿಗೆ ಕ್ಯಾಮೆರಾ ಕಟ್ಟಿ ನಾವು ತೆಗೆದ ಆಕಾಶದ ಚಿತ್ರದಲ್ಲಿ ಚಿಕ್ಕಿಗಳೆಲ್ಲ, ಅಂದರೆ ನಕ್ಷತ್ರಗಳೆಲ್ಲ, ಗೆರೆಯಾಗಿ ಬೀಳುತ್ತಿದ್ದವು. ಹಾಗಾಗಿ ಮಗ್ಗ ನಿಂತು ಬೀದಿದೀಪ ಆರಿದ ಸಂಜೆ ಒಲೆಯ ಮೇಲಿನ ಪಲ್ಯ ಇಳಿಸಿ ನಾನೂ ಮಾಳಿಗೆ ಹತ್ತುತ್ತಿದ್ದೆ.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ನಾನು ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು, ಫೋಕಸ್ಸಿನ ತಿರುಪು ತಿರುಗಿಸಿ, ಚಿಕ್ಕಿಯನ್ನು ಚೂಪು ಮಾಡಿ ಚಿತ್ರ ತೆಗೆಯುವುದು ಅವರ ಕೆಲಸ. ಮರುದಿನ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು ಲೆಕ್ಕ ಹಾಕುವುದು ನನ್ನದು. ಚಿಕ್ಕಿಯ ಸುತ್ತ ಒಂದು ವೃತ್ತ ಎಳೆದು ಒಳಗಿನ ಬೆಳಕನ್ನೆಲ್ಲ ಕೂಡಿಸಬೇಕು, ಪಕ್ಕದ ಖಾಲಿ ಆಕಾಶದ ಮಬ್ಬನ್ನು ಕಳೆಯಬೇಕು. ಉಳಿದದ್ದು ಚಿಕ್ಕಿಯದು. ಅವರಿಗೆ ನನ್ನ ಲೆಕ್ಕದ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ.

ಮಾವನವರು ಕಾಯಿಲೆಯಿಂದ ನಡುವಯಸ್ಸಿಗೇ ಎರಡೂ ಕಣ್ಣು ಕಳೆದುಕೊಂಡವರು. ಆ ಕಾಯಿಲೆ ಮಕ್ಕಳಿಗೂ ಬರಬಹುದೆಂದು ಡಾಕ್ಟರು ಹೇಳಿದ್ದರಂತೆ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ಚಳಿಗಾಲ, ಮೃಗಶಿರದ ಹತ್ತಿರ ನಾವು ಹಿಂಬಾಲಿಸುತ್ತಿದ್ದ ಸಣ್ಣ ಚಿಕ್ಕಿಯ ಬೆಳಕು ವಾರದಿಂದ ವಾರಕ್ಕೆ ಇಳಿಯತೊಡಗಿತು. ಪರದೆಯ ಮೇಲೆ ಗೆರೆ ಕೆಳಗೆ ಜಾರುವುದನ್ನು ಕಂಡು ನಾನು ಅಡುಗೆಮನೆಗೇ ಕೇಳುವಂತೆ ಕೂಗಿದೆ.

"ಏನ್ರೀ, ನಮ್ಮ ಚಿಕ್ಕಿ ಕುಂದಾಕತ್ತೇತಿ!"

ಅವರು ಚಹಾದ ಕಪ್ಪು ಹಿಡಿದುಕೊಂಡೇ ಓಡಿ ಬಂದರು. "ಖರೇನ? ಲೆಕ್ಕದಾಗ ಬಂದೇತಿ?"

"ಲೆಕ್ಕದಾಗ ಬಂದೇತ್ರಿ."

"ನನಗೂ ಹಂಗ ಕಾಣಸ್ತಿತ್ತು ನೋಡು!" ಎಂದು ನಕ್ಕರು. ಅಷ್ಟು ಖುಷಿಯಾಗಿ ಅವರು ನಕ್ಕದ್ದು ನನಗೆ ಬಹಳ ದಿನ ನೆನಪಿತ್ತು. ಇಡೀ ಜಗತ್ತಿನಲ್ಲಿ ನಾವೇ ಮೊದಲು ಕಂಡೆವೇನೋ ಎಂಬ ಹೆಮ್ಮೆ ಅದು ಎಂದುಕೊಂಡೆ.

ಅಕ್ಕಪಕ್ಕದ ಚಿಕ್ಕಿಗಳೊಂದಿಗೆ ಹೋಲಿಸುವ ಭಾಗವನ್ನು ನಾನಿನ್ನೂ ಬರೆಯುತ್ತಿದ್ದೆ. ಬರೆದು ಓಡಿಸಿದರೆ, ಎಲ್ಲವೂ ಕುಂದಿದ್ದವು. ಒಂದು ಚಿಕ್ಕಿ ಕುಂದಬಹುದು, ಆಕಾಶಕ್ಕೆ ಆಕಾಶವೇ ಕುಂದುತ್ತದೆಯೇ? ಮುಧೋಳದ ಕಡೆ ಕಬ್ಬಿನ ಒಣ ಗರಿ, ರವದಿ, ಸುಡುವ ಹೊಗೆ ಇರಬೇಕೆಂದುಕೊಂಡೆ. ಅಕಾಲಿಕ ಮಳೆ ಬಿದ್ದು ಆಕಾಶ ತೊಳೆದಿಟ್ಟ ಸಂಜೆಯ ಚಿತ್ರದಲ್ಲೂ ಅದೇ ಕಥೆ. ಆಮೇಲೆ ಮಗ್ಗಗಳನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಡುಕವಾಗಿದ್ದರೆ ಚಿಕ್ಕಿ ಗೆರೆಯಾಗಬೇಕಿತ್ತು. ಇವು ದುಂಡಗೆ, ನೀರಿಗೆ ಬಿದ್ದ ಎಣ್ಣೆಯ ಹನಿಯಂತೆ ಹರಡಿದ್ದವು.

ವೃತ್ತವನ್ನು ದೊಡ್ಡದು ಮಾಡಿ ಮತ್ತೆ ಲೆಕ್ಕ ಹಾಕಿದೆ. ಬೆಳಕೆಲ್ಲ ವಾಪಸ್ ಬಂತು. ಎಲ್ಲಿಯೂ ಹೋಗಿರಲಿಲ್ಲ ಅದು, ಸಣ್ಣ ವೃತ್ತದ ಆಚೆ ಚೆಲ್ಲಿತ್ತು ಅಷ್ಟೇ. ಚಿತ್ರಗಳನ್ನು ಸಾಲಾಗಿ ತೆರೆದು ನೋಡಿದೆ. ವಾರದಿಂದ ವಾರಕ್ಕೆ ಚಿಕ್ಕಿಗಳು ಅಗಲವಾಗುತ್ತಾ ಹೋಗಿದ್ದವು. ತಿರುಪು ತಿರುಗಿಸುವವರಿಗೆ ಚಿಕ್ಕಿ ಚೂಪಾಗಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಎದೆ ಒಡೆಯುವುದು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ.

ಸಂಜೆ ಕರೆಂಟ್ ಹೋಯಿತು. ಅವರು ಆಗಲೇ ಮಾಳಿಗೆಯ ಮೇಲಿದ್ದರು.

"ಏನಂತೈತಿ ನಿನ್ನ ಲೆಕ್ಕ? ಇನ್ನೂ ಕುಂದೇತೇನು?"

"ಇಲ್ರಿ. ಚಿಕ್ಕಿ ಇದ್ದಂಗ ಐತಿ. ನಾ ಹಾಕಿದ ವೃತ್ತ ಸಣ್ಣದಾಗಿತ್ತು. ಚಿತ್ರ... ಚಿತ್ರ ಮಸುಕ ಆಗ್ಯಾವ್ರಿ."

ವಿಜ್ಞಾನದ ಮಾಸ್ತರರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತಿರುಪಿನ ಮೇಲಿದ್ದ ಕೈಯನ್ನು ನಿಧಾನವಾಗಿ ತೆಗೆದರು.

"ದೀಪಾವಳಿ ಮುಂದನ ನನಗ ಆ ಚಿಕ್ಕಿ ಮಸುಕ ಕಾಣಾಕತ್ತಿತ್ತು. ಅಪ್ಪನಂಗ ಆತು ಅಂತ ಹೆದರಿದ್ದೆ. ಆಮ್ಯಾಲ ನೀ, ಚಿಕ್ಕಿನೇ ಕುಂದಾಕತ್ತೇತಿ ಅಂದಿ. ಅವತ್ತ ಛಲೋ ನಿದ್ದಿ ಬಂದಿತ್ತು ನೋಡು ನನಗ."

ಅಷ್ಟರಲ್ಲಿ ಕರೆಂಟ್ ಬಂತು. ಮಗ್ಗಗಳು ಶುರುವಾದವು. ಇಬ್ಬರೂ ಕೆಳಗಿಳಿಯಲಿಲ್ಲ.