ರೇಡಾನ್ ಅಳೆಯುವ ವೆಂಡೆಲ್

ಅಮೆರಿಕದ ಅಯೋವಾದ ಒಂದು ಊರಿನಲ್ಲಿ ಮನೆ ಮಾರಾಟಕ್ಕೆ ಬಂದರೆ, ನೆಲದಿಂದೇಳುವ ರೇಡಾನ್ ವಿಷಾನಿಲವನ್ನು ಅಳೆಯಲು ಮುದುಕ ವೆಂಡೆಲ್ಲೇ ಬರಬೇಕು. ಯಾರ ನೆಲಮಾಳಿಗೆಯಲ್ಲಿ ಯಾವ ವರ್ಷದ ಪೀಚ್ ಹಣ್ಣಿನ ಜಾಡಿ ಉಳಿದಿದೆಯೆಂದೂ ಅವನು ಬಲ್ಲ. ವಾಸನೆಯೇ ಇಲ್ಲದ ಅನಿಲವನ್ನು ಮೊದಲು ಮೂಸಿ ನೋಡುತ್ತಾನೆ. ಆಮೇಲೆ, "ಇಲ್ಲಿ ಜಾಸ್ತಿ ಹೊತ್ತು ಯಾರು ಕೂರ್ತೀರಿ? ಎಲ್ಲಿ?" ಎಂದು ಕೇಳಿ ಅಲ್ಲೇ ಅನಿಲ ಅಳೆಯುವ ಡಬ್ಬಿಯಿಡುತ್ತಾನೆ. ಗಿರಣಿ ಬೀದಿಯ ಹಳೆಯ ಮನೆಯಲ್ಲಿ ಮಾತ್ರ ಯಾರನ್ನೂ ಕೇಳದೆ ಕಿಟಕಿಯ ಕೆಳಗಿಟ್ಟ. ಎರಡು ದಿನ ಕಳೆದು ನೋಡಿದರೆ ಅನಿಲ ಸುರಕ್ಷಿತ ಮಿತಿಯ ಮೂರು ಪಟ್ಟು. ಮನೆ ಕೊಳ್ಳಬಂದಿದ್ದ ಬಸುರಿ ಕೆಲ್ಸೀ ಕಣ್ಣೀರಿಟ್ಟಳು: "ಇಷ್ಟಪಟ್ಟ ಮನೆ. ಬಿಟ್ಬಿಡ್ಲಾ ವೆಂಡೆಲ್?" "ಬಿಡ್ಬೇಡ ಮಗಳೇ. ಪೈಪು, ಫ್ಯಾನು ಹಾಕಿಸು, ಎಲ್ಲಾ ಸೂರಿನಾಚೆ ಹೋಗುತ್ತೆ. ಬೆಳಕು ಚೆನ್ನಾಗಿದೆ ಅಂತ ನಮ್ಮಮ್ಮ ಇದೇ ಕಿಟಕಿ ಕೆಳಗೆ ಮೂವತ್ತು ವರ್ಷ ಕೌದಿ ಹೊಲಿದ್ಲು. ಸಿಗರೇಟು ಮುಟ್ಟದೋಳು, ಶ್ವಾಸಕೋಶದ ಕ್ಯಾನ್ಸರ್ ಬಂದು ತೀರ್ಕೊಂಡ್ಲು. ಆಗ ನಮಗೆ ಹೇಳೋರೇ ಇರ್ಲಿಲ್ಲ."