ಮರಳಿನ ಮೇಲೆ ಬೆಂದ ಬ್ರೌನಿ

ಆ ಮಧ್ಯಾಹ್ನದ ಬಿಸಿಲು ನನ್ನ ನೆನಪಿನಲ್ಲಿ ಕೋಕೋ ಬಣ್ಣದ್ದು. ಬಿಸಿಲಿಗೆ ಅಂಥ ಬಣ್ಣವಿಲ್ಲ ಎಂದು ಗೊತ್ತಿದೆ. ಅಡುಗೆಮನೆಯ ಕಿಟಕಿಗೆ ಅಮ್ಮ ಕಂದು ಪರದೆ ಹಾಕಿದ್ದಳೇನೋ, ಇಲ್ಲವೇ ಆ ವಾಸನೆಯೇ ಆಮೇಲೆ ಬೆಳಕಿನೊಳಗೆ ಸೇರಿಕೊಂಡಿತೇನೋ. ಎಂಬತ್ತರ ದಶಕದ ಆರಂಭ. ಜಯನಗರದ ನಮ್ಮ ಬೀದಿಯಲ್ಲಿ ಅರ್ಧ ಸೈಟುಗಳು ಇನ್ನೂ ಖಾಲಿ. ನಾನು ಎಂ.ಎಸ್ಸಿ. ಓದುತ್ತ, ಮನೆಯಲ್ಲಿ ಯಾರು ಏನು ಹೇಳಿದರೂ ಅದಕ್ಕೆ ಪುರಾವೆ ಏನು ಎಂದು ಕೇಳಿ ಎಲ್ಲರ ತಲೆ ತಿನ್ನುತ್ತಿದ್ದೆ.

ತಂಗಿ ಕಾಲೇಜಿನ ಗೆಳತಿಯಿಂದ ಬ್ರೌನಿ ಮಾಡುವ ವಿಧಾನವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು. ಮನೆಯಲ್ಲಿ ಓವನ್ ಇರಲಿಲ್ಲ. ಎದುರಿಗೆ ಕಟ್ಟುತ್ತಿದ್ದ ಮನೆಯ ರಾಶಿಯಿಂದ ಒಂದು ಬೋಗುಣಿ ಮರಳು ತಂದು ಕುಕ್ಕರಿನ ತಳಕ್ಕೆ ಹರಡಿ, ಮೇಲೆ ಹಿಟ್ಟಿನ ಪಾತ್ರೆ ಇಟ್ಟು, ಗ್ಯಾಸ್ಕೆಟ್ಟು, ವೆಯ್ಟು ತೆಗೆದಿಟ್ಟು ಕಾಯಿಸುವುದು. ಆಗ ಎಷ್ಟೋ ಮನೆಗಳಲ್ಲಿ ಕೇಕ್ ಆಗುತ್ತಿದ್ದುದೇ ಹಾಗೆ. ತೊಂದರೆಯೆಲ್ಲ ಮೊಟ್ಟೆಯದು. ನಮ್ಮದು ಮೊಟ್ಟೆ ಹೊಸ್ತಿಲು ದಾಟದ ಮನೆ. ಅಜ್ಜಿಯಂತೂ ಮೊಟ್ಟೆ ಬೇಯಿಸುವವರ ಮನೆಯಲ್ಲಿ ನೀರನ್ನೂ ಕುಡಿದವಳಲ್ಲ.

ಅಪ್ಪ ಅಮ್ಮ ಆಫೀಸಿಗೂ ಅಜ್ಜಿ ಬನಶಂಕರಿಯಲ್ಲಿದ್ದ ತನ್ನ ತಂಗಿಯ ಮನೆಗೂ ಹೋದ ಒಂದು ದಿನ, ನಾನೇ ಪಕ್ಕದ ಸಿದ್ದಾಪುರದ ಅಂಗಡಿಯಿಂದ ಎರಡು ಮೊಟ್ಟೆ ತಂದೆ.

“ಅಣ್ಣ, ಭಯ ಆಗ್ತಿದೆ ಕಣೋ.”

“ಬರೀ ಪ್ರೋಟೀನ್ ಕಣೇ ಅದು. ಒಡಿ.”

ಒಡೆದಳು. ಚಿಪ್ಪುಗಳನ್ನು ಪೇಪರಿನಲ್ಲಿ ಸುತ್ತಿ, ಆಮೇಲೆ ಖಾಲಿ ಸೈಟಿಗೆ ಎಸೆದರಾಯಿತೆಂದು ಹಿತ್ತಲ ನಲ್ಲಿಯ ಪಕ್ಕದ ಕಾಂಪೌಂಡಿನ ಮೇಲಿಟ್ಟೆ.

ಮರಳು ನಿಧಾನವಾಗಿ ಕಾಯಿತು. ವಾಸನೆ ಮೊದಲು ಅಡುಗೆಮನೆಯಲ್ಲಿತ್ತು, ಆಮೇಲೆ ನಡುಮನೆಯಲ್ಲಿ, ಆಮೇಲೆ ನಮ್ಮ ಬಟ್ಟೆಗಳಲ್ಲಿ. ಕೆಂಪು ನೆಲದ ತಂಪಿನಲ್ಲಿ ಗೋಡೆಗೆ ಒರಗಿ ಕೂತವರು ತೂಕಡಿಸಿದೆವು ಅನ್ನಿಸುತ್ತದೆ. ಕಣ್ಣು ಬಿಟ್ಟಾಗ ಅಜ್ಜಿ ಒಳಗೇ ನಿಂತಿದ್ದಳು.

“ಏನ್ರೋ ಇದು, ಬೀದಿ ತುದಿಗೇ ಘಮ್ ಅಂತಿದೆ?”

“ಬ್ರೌನಿ ಅಜ್ಜಿ,” ಎಂದಳು ತಂಗಿ.

“ಬ್ರೌನಿನೋ ಗಿರೌನಿನೋ.” ಒಲೆ ಆರಿಸಿ, ಮುಚ್ಚಳ ತೆಗೆದು ಚಾಕು ಚುಚ್ಚಿ ನೋಡಿದಳು. “ನಡುವೆ ಬೆಂದೇ ಇಲ್ವಲ್ಲೇ!”

“ಅದು ಹಾಗೇ ಇರ್ಬೇಕಂತೆ.”

“ಹಾಗೇ ಇರ್ಬೇಕಂತೆ! ಬೇಯ್ಸಕ್ಕೆ ಬರ್ದೇ ಇರೋರು ಕಟ್ಟಿರೋ ಮಾತು. ಏನೇನ್ ಹಾಕಿದ್ಯೇ?”

“ಮೈದಾ, ಬೆಣ್ಣೆ, ಸಕ್ಕರೆ, ಕೋಕೋ...” ತಂಗಿ ನನ್ನತ್ತ ನೋಡಿದಳು. “ಮೊಸರು.”

ನಿಜ ಹೇಳಿದ್ದರೆ ಕುಕ್ಕರು ಬೀದಿ ಪಾಲಾಗುತ್ತಿತ್ತು. ತಂಗಿ ಎಷ್ಟು ದಿನ ಅಡುಗೆಮನೆಯ ಹೊರಗೋ. ಅಜ್ಜಿ ಅದನ್ನು ಕೊಬ್ಬರಿ ಮಿಠಾಯಿಯ ಹಾಗೆ ಓರೆಯಾಗಿ ಕೊಯ್ದು ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಆಮೇಲೆ ಕೈ ಚಾಚಿದಳು.

“ಇನ್ನೊಂದು ಕೊಡೇ.”

ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ತಂಗಿ ಅಂದಿನಿಂದ ಬ್ರೌನಿ ಮುಟ್ಟಿಲ್ಲ. ಮೊನ್ನೆ ಫೋನಿನಲ್ಲಿ ಇದ್ದಕ್ಕಿದ್ದಂತೆ ಕೇಳಿದಳು: “ಅಜ್ಜಿ ಹುಟ್ಟಿದಾಗಿಂದ ಕಾಪಾಡ್ಕೊಂಡ್ ಬಂದಿದ್ದನ್ನ ನಾನು ಒಂದು ಸುಳ್ಳು ಹೇಳಿ ಕೆಡಿಸ್ಬಿಟ್ಟೆ. ಅವಳಿಗೆ ಗೊತ್ತಾಗಿತ್ತಾ ಅಣ್ಣ?”

ಮಡಿಯನ್ನು ನಂಬದವನು ನಾನು. ಆದರೂ ನಗು ಬರಲಿಲ್ಲ. ಕಣ್ಣು ಮುಚ್ಚಿದರೆ ಎರಡು ಸಂಗತಿ ಕಾಣುತ್ತವೆ. ಹಿತ್ತಲ ಬಾಗಿಲಿನಿಂದ ಒಲೆಯವರೆಗೆ ಅಜ್ಜಿಯ ಒದ್ದೆ ಹೆಜ್ಜೆಗಳು. ಹೊರಗಿನಿಂದ ಬಂದರೆ ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದೇ ಅವಳು ಒಳಗೆ ಬರುತ್ತಿದ್ದಳು. ಇನ್ನೊಂದು, ಮರುದಿನ ಬೆಳಿಗ್ಗೆ ಅವಳ ಗುಲಾಬಿ ಗಿಡದ ಬುಡದಲ್ಲಿ ಸುರಿದಿದ್ದ ಕುಕ್ಕರಿನ ಮರಳು, ಅದರಲ್ಲಿ ಬಿಳಿ ಚೂರುಗಳು. ಗುಲಾಬಿಗೆ ಮೊಟ್ಟೆ ಚಿಪ್ಪು ಒಳ್ಳೆಯದೆಂದು ಪಕ್ಕದ ಮನೆಯ ಆಂಟಿ ಹೇಳಿದಾಗಲೆಲ್ಲ ಅಜ್ಜಿ ಮೂಗು ಮುರಿಯುತ್ತಿದ್ದಳು. ಆ ಗಿಡವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಕಾಂಪೌಂಡಿನ ಮೇಲಿನ ಪೊಟ್ಟಣವನ್ನು ನಾನು ಎಸೆಯಲು ಹೋದಾಗ ಅದು ಅಲ್ಲಿರಲಿಲ್ಲ, ಕಾಗೆ ಒಯ್ದಿತೆಂದುಕೊಂಡಿದ್ದೆ. ಆದರೆ ಹೊಳೆಯ ಮರಳಿನಲ್ಲಿ ಬಸವನಹುಳುವಿನ ಬಿಳಿ ಚಿಪ್ಪುಗಳೂ ಇರುತ್ತವೆ. ಆ ಒದ್ದೆ ಹೆಜ್ಜೆಗಳು ಬೇರೆ ಯಾವುದೋ ದಿನದವೂ ಇರಬಹುದು.

“ಆವತ್ತು ಮರಳು ಜರಡಿ ಹಿಡಿದಿದ್ಯಾ?” ಎಂದು ಕೇಳಿದೆ.

“ಎರಡು ಸಲ. ಯಾಕೆ?”

ಜರಡಿ ಹಿಡಿದ ಮರಳಿನಲ್ಲಿ ಬಸವನಹುಳುವಿನ ಚಿಪ್ಪು ಉಳಿಯುವುದಿಲ್ಲ. ಎಲ್ಲ ಹೇಳಿದೆ. ಅವಳಿಗೆ ಗೊತ್ತಿತ್ತು ಅನ್ಸುತ್ತೆ, ತಿನ್ನೋಕೆ ಮುಂಚೇನೇ, ಆದ್ರೆ ಖಚಿತ ಇಲ್ಲ ಕಣೇ ಎಂದೆ.

“ಎರಡನೇದು ಅವಳೇ ಕೇಳಿದ್ಲಲ್ವಾ ಅಣ್ಣ?”

“ಕೇಳಿದ್ಲು. ಬೇಯ್ದೇ ಇರೋ ನಡುವಿನ ತುಂಡೇ ಬೇಕು ಅಂದ್ಲು.”

ತಂಗಿ ಮೂಗೆಳೆದುಕೊಂಡು ನಕ್ಕಳು. ನಡುವಿನ ತುಂಡಿನ ಮಾತಿಗೆ ನನ್ನಲ್ಲಿ ಯಾವ ಪುರಾವೆಯೂ ಇಲ್ಲ.